ಚೀಲದ ಮನೆ

ಇಪ್ಪತ್ತಾರು ವರ್ಷ ಹಾಸ್ಟೆಲಿನಲ್ಲಿ ನೂರೈವತ್ತು ಹುಡುಗರಿಗೆ ಎರಡು ಹೊತ್ತು ಬೇಯಿಸಿ ಹಾಕಿದ ನಾನು, ಈ ಊರಿಗೆ ಬಂದ ಮೊದಲ ದಿನ ಒಂದು ಪಾವು ತೊಗರಿಬೇಳೆ ಬೇಯಿಸಲಾರದೆ ಸೋತೆ. ಕುಕ್ಕರ್ ಮೂರು ಸಲ ಕೂಗಿತು, ಮುಚ್ಚಳ ತೆಗೆದೆ, ಬೇಳೆ ಹಾಕಿದ ಹಾಗೇ ಇತ್ತು. ಏಳು ಸಲ ಕೂಗಿಸಿದೆ. ಹನ್ನೊಂದು ಸಲ ಕೂಗಿಸಿದೆ. ಎರಡು ಬೇಳೆ ಬಾಯಿಗೆ ಹಾಕಿಕೊಂಡರೆ ಕಟಕ್ ಎಂದವು. ನೀರಿನ ದೋಷ ಎಂದುಕೊಂಡೆ, ಗ್ಯಾಸ್ಕೆಟ್ ಹಳೆಯದಾಯಿತು ಎಂದುಕೊಂಡೆ, ಕೊನೆಗೆ ಬೇಳೆ ಮಾರಿದವನ ವಂಶವನ್ನೆಲ್ಲ ಬೈದೆ. ಪಕ್ಕದ ಒಲೆಯಲ್ಲಿ ಅಕ್ಕಿ ಮುಕ್ಕಾಲು ಗಂಟೆ ಕುದಿದು ಅಕ್ಕಿಯಾಗಿಯೇ ಉಳಿದಿತ್ತು. ಫಿಲ್ಟರಿಗೆ ಕಾಫಿಪುಡಿ ಹಾಕಿ ಬಿಸಿನೀರು ಹೊಯ್ದರೆ, ಕೆಳಗೆ ಇಳಿದದ್ದೂ ಬಿಸಿನೀರೇ.

ಮಧ್ಯಾಹ್ನ ಊಟಕ್ಕೆಂದು ಆಫೀಸಿನಿಂದ ಬಂದ ನನ್ನ ಹೆಂಡತಿ ವಿಮಲಾಕ್ಷಿ ಪಾತ್ರೆಗಳನ್ನು ಒಂದೊಂದಾಗಿ ನೋಡಿ, ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಳು. ಅವಳು ಈ ಊರಿನ ಹೊಸ ಪೋಸ್ಟ್‌ಮಾಸ್ಟರ್. ಅವಳಿಗೆ ಪ್ರಮೋಷನ್ ಆಗಿದ್ದರಿಂದಲೇ ನಾನು ಹಾಸ್ಟೆಲಿನ ಸೌಟು ಕೆಳಗಿಟ್ಟು, ಮನೆ ಸಾಮಾನು ಲಾರಿಗೆ ಏರಿಸಿ, ಅವಳ ಹಿಂದೆ ಬಂದದ್ದು. ಮನೆಯಲ್ಲಿ ನಾವಿಬ್ಬರೇ. ಆ ದಿನ ಮಂಡಕ್ಕಿ, ಬಾಳೆಹಣ್ಣು ತಿಂದು ಹೊತ್ತು ಕಳೆದೆವು. ಹಸಿಯಾಗಿ ತಿನ್ನುವ ಯಾವುದಕ್ಕೂ ತೊಂದರೆಯಿರಲಿಲ್ಲ.

ಮರುದಿನ ಬೇಳೆಯ ಪೊಟ್ಟಣ ಹಿಡಿದು ಜಗಳಕ್ಕೆ ಸಿದ್ಧನಾಗಿ ಕಿರಾಣಿ ಅಂಗಡಿಗೆ ಹೋದೆ. ಅಂಗಡಿಯ ಕೊಟ್ರಪ್ಪ ನನ್ನ ಕೂಗಾಟವನ್ನೆಲ್ಲ ಬೆಲ್ಲ ಕುಟ್ಟುತ್ತಲೇ ಕೇಳಿಸಿಕೊಂಡ.

“ಅದಿರಲಿ ಸ್ವಾಮಿ, ಇದನ್ನ ಯಾರ ಮನೆಗೆ ಅಂತ ಕೊಂಡ್ರಿ?” ಎಂದ.

“ಯಾರ ಮನೆಗೆ ಅಂದ್ರೆ? ನಮ್ಮ ಮನೆಗೆ.”

ಅವನ ಕೈಯಲ್ಲಿನ ಕಲ್ಲು ನಿಂತಿತು. “ನಿಮ್ಮ ಮನೆಗೆ ನೀವೇ ಕೊಂಡ್ರಾ? ನಾನು ನಿಮ್ಮ ಚೀಲದ ಮನೆಯೋರಿಗೆ ಒಯ್ತೀರಿ ಅನ್ಕಂಡು ಕೊಟ್ಟೆ. ಸ್ವಂತಕ್ಕೆ ಕೊಂಡಿದ್ದು ಸ್ವಂತ ಒಲೆ ಮೇಲೆ ಹೆಂಗ್ರೀ ಬೇಯುತ್ತೆ?” ಆಮೇಲೆ ನನ್ನ ಕಡೆ ಬಗ್ಗಿ, ದನಿ ಸಣ್ಣ ಮಾಡಿ, “ನಿಮ್ಮೂರಾಗೆ ಬೇಯುತ್ತಾ?” ಎಂದು ಕೇಳಿದ. ಬೇಯುತ್ತದೆ ಎಂದೆ. ಅವನು ನಂಬಲಿಲ್ಲ.

ಹೀಗೆ ಈ ಊರಿನ ರೀತಿ ನನಗೆ ತಿಳಿಯಿತು. ಇಲ್ಲಿ ಪ್ರತಿ ಮನೆಗೂ ಒಂದು ಚೀಲದ ಮನೆ ಇರುತ್ತದೆ. ಇವರ ಸಾಮಾನು ಅವರು ತರಬೇಕು, ಅವರದನ್ನು ಇವರು. ಶನಿವಾರ ಬೆಳಿಗ್ಗೆ ಊರಿಗೆ ಊರೇ ಸಂತೆಯಲ್ಲಿರುತ್ತದೆ, ಒಬ್ಬರೂ ತಮಗಾಗಿ ಏನೂ ಕೊಳ್ಳುವುದಿಲ್ಲ. ಹತ್ತು ಗಂಟೆಯ ಹೊತ್ತಿಗೆ ಎಲ್ಲರ ಬಾಗಿಲ ಪಕ್ಕದ ಗೂಟದಲ್ಲೂ ತುಂಬಿದ ಚೀಲ ತೂಗುತ್ತದೆ. ಬಸ್ ನಿಲ್ದಾಣದ ಎದುರು ಎರಡು ಹೋಟೆಲುಗಳಿವೆ. ಮಾಲೀಕರಿಬ್ಬರೂ ದಿನ ಬೆಳಗಾದರೆ ರಸ್ತೆಯ ಎರಡು ಬದಿಯಿಂದ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ. ಬೈಗುಳ ಮುಗಿದ ಮೇಲೆ ಚೀಲ ಬದಲಿಸಿಕೊಂಡು ಒಳಗೆ ಹೋಗಿ ಒಲೆ ಹಚ್ಚುತ್ತಾರೆ. ಬೇರೆ ಊರಿನ ಜಗಳಗಳ ಹಾಗೆ ಇಲ್ಲಿನ ಜಗಳಗಳು ಉದ್ದ ಬೆಳೆಯುವುದಿಲ್ಲ, ಹಸಿವಾಗುವವರೆಗೆ ಮಾತ್ರ. ಸಂಬಂಧ ನೋಡಲು ಬಂದವರು ಕೂಡ ಹುಡುಗ ಏನು ಮಾಡುತ್ತಾನೆ ಎಂದು ಆಮೇಲೆ ಕೇಳುತ್ತಾರೆ, ಚೀಲದ ಮನೆ ಯಾವುದು ಎಂದು ಮೊದಲು ಕೇಳುತ್ತಾರೆ.

“ನಿಮಗೆ ಸಿಗೋದು ಒಂದೇ ಮನೆ,” ಎಂದ ಕೊಟ್ರಪ್ಪ. “ಹಿಂದಿನ ಬೀದಿಯ ತುಂಗಮ್ಮ ಟೀಚರ್ರು. ನೀವು ಬಾಡಿಗೆಗೆ ಹಿಡಿದಿರೋ ಮನೆಯೇ ಅವರ ಚೀಲದ ಮನೆ ಆಗಿತ್ತು. ಅಲ್ಲಿದ್ದೋರು ವರ್ಗ ಆಗಿ ಹೋದ್ರು. ಪಾಪ, ಏಳು ತಿಂಗಳಿಂದ ಇನ್ಯಾವುದೋ ಜೋಡಿ ಜತೆ ಮೂರನೇಯೋರಾಗಿ ಸೇರ್ಕಂಡಾರೆ. ಮೂರು ಮನೆ ಸೇರಿದ್ರೆ ಗೊತ್ತಲ್ಲ, ಬೇಳೆ ಬೇಯೋಕೆ ಎರಡರಷ್ಟು ಹೊತ್ತು.”

ಹೋಗಿ ಕೇಳಿದ್ದರೆ ಅಂದೇ ಮುಗಿಯುತ್ತಿತ್ತು. ನಾನು ಹೋಗಲಿಲ್ಲ. ತರಕಾರಿ ಆರಿಸುವುದರಲ್ಲಿ ನನ್ನನ್ನು ಮೀರಿಸುವವನಿಲ್ಲ ಎಂದು ಹಳೇ ಊರಿನ ಸಂತೆಯೇ ಹೇಳುತ್ತಿತ್ತು. ನಾನು ಬುಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತರೆ ಮಾರುವವರು ಕೊಳೆತದ್ದನ್ನು ತಾವೇ ತೆಗೆದು ಹಿಂದಕ್ಕಿಡುತ್ತಿದ್ದರು. ಅಂಥ ನನಗೆ ಇನ್ನೊಬ್ಬರು ಬದನೆಕಾಯಿ ಆರಿಸಿ ತರುವುದೇ? ಆಗದ ಮಾತು. ಬೇಳೆಯನ್ನು ರಾತ್ರಿಯಿಡೀ ನೆನೆಹಾಕಿದೆ. ಅಡುಗೆ ಸೋಡಾ ಹಾಕಿದೆ. ರುಬ್ಬಿ ಹಿಟ್ಟು ಮಾಡಿ ಬೇಯಿಸಿದೆ. ಹಸಿಹಿಟ್ಟಿನ ವಾಸನೆ ಹೋಗಲಿಲ್ಲ. ನಮ್ಮ ಕಡೆ ‘ನಿನ್ನ ಬೇಳೆ ಇಲ್ಲಿ ಬೇಯಲ್ಲ’ ಎಂದು ಬೈಯುತ್ತಾರೆ. ಆ ಬೈಗುಳವನ್ನು ಒಲೆಯ ಮುಂದೆ ನಿಂತು ಹತ್ತು ದಿನ ಅನುಭವಿಸಿದೆ. ಹೊಟ್ಟೆಗೆ ಹೋಟೆಲ್ಲೇ ಗತಿಯಾಯಿತು.

ನನ್ನ ಹೊಟ್ಟೆ ಕಲ್ಲು ಹಾಕಿದರೂ ಅರಗಿಸುತ್ತದೆ. ವಿಮಲಳದು ಹಾಗಲ್ಲ, ಅವಳಿಗೆ ಹಿಂದೆ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಹೋಟೆಲಿನ ಖಾರ, ಸೋಡಾ ಹತ್ತು ದಿನ ತಿಂದ ಮೇಲೆ ಒಂದು ಬುಧವಾರ ಅವಳು ಕೌಂಟರಿನಲ್ಲಿ ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ಬಾಗಿಬಿಟ್ಟಳಂತೆ. ಪೋಸ್ಟ್‌ಮ್ಯಾನ್ ಆಟೋದಲ್ಲಿ ಮನೆಗೆ ಕರೆತಂದ. ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ ಗೋಡೆ ನೋಡುತ್ತ ಹೇಳಿದಳು:

“ರೀ, ನಿಮ್ಮ ಹಾಸ್ಟೆಲ್ ಬಿಟ್ಟು ಬರಲ್ಲ ಅಂದ್ರಿ ಅಂತ ಎರಡು ಸಲ ಬಂದ ಪ್ರಮೋಷನ್ ಬೇಡ ಅಂತ ಬರೆದುಕೊಟ್ಟೆ. ಇದು ಮೂರನೇದು. ಈ ಆಫೀಸು, ಆ ಕುರ್ಚಿ, ಕಿಟಕಿ ಮುಂದಿನ ಬೇವಿನಮರ, ಎಲ್ಲಾ ನಂಗೆ ಇಷ್ಟ ಆಗಿದೆ. ಆದ್ರೆ ಹೊಟ್ಟೆ ಕೇಳಬೇಕಲ್ಲ. ತಿಂಗಳ ಕೊನೇವರೆಗೂ ನೋಡ್ತೀನಿ. ಮನೇಲಿ ಒಂದು ತುತ್ತು ಅನ್ನ ಆಗ್ಲಿಲ್ಲ ಅಂದ್ರೆ, ಪ್ರಮೋಷನ್ ವಾಪಸ್ ತಗೊಳ್ಳಿ ಅಂತ ಅರ್ಜಿ ಬರೆದು ಹಳೇ ಊರಿಗೆ ಹೋಗಿಬಿಡೋಣ.”

ಕೋಪ ಮಾಡಿಕೊಂಡು ಹೇಳಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಅವಳು ಸುಮ್ಮನೆ ಹೇಳಿದಳು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎನ್ನುತ್ತಾರೆ. ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಬೀದಿಗೆ ನಡೆದೆ.

ತುಂಗಮ್ಮನವರಿಗೆ ಅರವತ್ತೆಂಟು ಇರಬಹುದು. ತೆಳ್ಳಗಿನ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ, ಮಾತಿನಲ್ಲಿ ಪ್ರೈಮರಿ ಸ್ಕೂಲಿನ ಬೆತ್ತ. ನಾನು ಯಾರೆಂದು ಹೇಳುವ ಮೊದಲೇ, “ಬಾರಪ್ಪಾ, ಹತ್ತು ದಿನದಿಂದ ನಿಮ್ಮ ಕುಕ್ಕರ್ ಕೂಗೋದು ಕೇಳ್ತಾನೇ ಇದ್ದೆ. ಯಾವಾಗ ಬರ್ತೀಯ ಅಂತ ನೋಡ್ತಿದ್ದೆ,” ಎಂದರು. ಚೀಲದ ಮಾತು ಎತ್ತುತ್ತಲೇ ಅವರ ಮುಖ ಅರಳಿತು. “ಆಯ್ತು, ಆಯ್ತು. ನಾಳೆ ಇಬ್ಬರೂ ಇಲ್ಲಿಗೇ ಊಟಕ್ಕೆ ಬನ್ನಿ. ನಿಮ್ಮ ನಾಲಿಗೆ ಒಂಚೂರು ನೋಡ್ಕೋಬೇಕು.”

ಅಲ್ಲಿಗೆ ಹೂಂ ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? “ಅಷ್ಟೆಲ್ಲ ತೊಂದರೆ ಬೇಡಮ್ಮ, ಎಲ್ಲ ಬರೆದೇ ತಂದಿದ್ದೀನಿ,” ಎಂದು ಜೇಬಿನಿಂದ ಪಟ್ಟಿ ತೆಗೆದು ಕೊಟ್ಟೆ. ಎರಡು ಪುಟ, ಮೂವತ್ತೊಂದು ಸಾಮಾನು, ಪ್ರತಿಯೊಂದಕ್ಕೂ ಸೂಚನೆ. ಬದನೆಕಾಯಿ: ತೊಟ್ಟಿನ ಮುಳ್ಳು ಚುಚ್ಚುವಂತಿರಬೇಕು. ಬೆಂಡೆಕಾಯಿ: ತುದಿ ಮುರಿದರೆ ಟಕ್ ಎನ್ನಬೇಕು. ತೆಂಗಿನಕಾಯಿ: ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು. ತುಂಗಮ್ಮ ಕನ್ನಡಕ ಮೇಲೆ ತಳ್ಳಿಕೊಂಡು ಎರಡೂ ಪುಟ ಓದಿದರು. ಓದುತ್ತ ಓದುತ್ತ ಅವರ ಮುಖ ಸಪ್ಪಗಾದದ್ದನ್ನು ಕಂಡೆ. ಅಕ್ಷರ ಸಣ್ಣದಾಯಿತೇನೋ ಎಂದುಕೊಂಡೆ. “ಹೊಸಬ ನೀನು. ಇರಲಿ,” ಎಂದಷ್ಟೇ ಹೇಳಿ ಪಟ್ಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಶನಿವಾರ ಅವರಿಗೆಂದು ನಾನು ಸಂತೆಯನ್ನೇ ಜರಡಿ ಹಿಡಿದೆ. ಮನೆಗೆ ಬಂದಾಗ ನಮ್ಮ ಗೂಟದಲ್ಲಿ ಚೀಲ ತೂಗುತ್ತಿತ್ತು. ನೆಲದ ಮೇಲೆ ಹರಡಿ ಒಂದೊಂದನ್ನೂ ಪಟ್ಟಿಯಂತೆ ಪರೀಕ್ಷಿಸಿದೆ. ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ಖುಷಿಯಿಂದ ಬೇಳೆ ತೊಳೆದು ಇಟ್ಟೆ. ಮೂರು ಕೂಗು. ಏಳು ಕೂಗು. ಬೇಳೆ ಹಾಕಿದ ಹಾಗೇ ಇತ್ತು.

ಅದೇ ಹೊತ್ತಿಗೆ ತುಂಗಮ್ಮ ಬಾಗಿಲಿಗೆ ಬಂದರು. ನಾನು ತಂದುಕೊಟ್ಟ ಬೇಳೆಯ ಸಾರು ಒಂದು ಬಟ್ಟಲಲ್ಲಿತ್ತು. ಬೇಳೆ ಬೆಣ್ಣೆಯಂತೆ ಬೆಂದಿತ್ತು. “ರುಚಿ ನೋಡ್ಲಿ ಅಂತ ತಂದೆ. ನಿಂದೇನಾಯ್ತಪ್ಪಾ?” ಎನ್ನುತ್ತ ಒಳಗೆ ಬಂದವರ ಕಣ್ಣು ಕುಕ್ಕರಿನ ಮೇಲೆ ಬಿತ್ತು. ಒಂದು ಬೇಳೆ ತೆಗೆದು ಬೆರಳಿನಲ್ಲಿ ಹಿಸುಕಿದರು. ಅದು ಬೆರಳಿನಿಂದ ಜಾರಿ ನೆಲಕ್ಕೆ ಬಿದ್ದು ಟಿಣ್ ಎಂದಿತು. ಅವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

“ಮೂವತ್ತೇಳು ವರ್ಷ ಚೀಲ ಹೊತ್ತಿದ್ದೀನಿ ಕಣಪ್ಪಾ. ತುಂಗಮ್ಮ ತಂದಿದ್ದು ಬೇಯಲಿಲ್ಲ ಅಂತ ಒಬ್ಬರ ಬಾಯಲ್ಲೂ ಬಂದಿರಲಿಲ್ಲ.” ಕುಕ್ಕರಿನ ಮುಚ್ಚಳ ಮುಚ್ಚಿದರು. “ಆದ್ರೆ ಇದನ್ನ ನಾನು ತಂದಿದ್ದು ಅಂತ ಹೇಗೆ ಹೇಳಲಿ? ಬುಟ್ಟಿ ಮುಂದೆ ನಿಂತಾಗ ಇದು ಇವರಿಗೆ ಇಷ್ಟ ಆಗುತ್ತಾ ಅಂತ ಒಂದು ಸಲಾನಾದ್ರೂ ಯೋಚನೆ ಮಾಡೋಕೆ ಬಿಟ್ಯಾ ನೀನು? ಎಲ್ಲಾ ನೀನೇ ಕೊಂಡಿದ್ದೀಯ. ನಾನು ಬರೀ ಹೊತ್ತೆ.”

ಮರುದಿನ ಬೆಳಿಗ್ಗೆ ನಮ್ಮ ಗೂಟದಲ್ಲಿ ಖಾಲಿ ಚೀಲವೊಂದು ಒಳಮೈ ಹೊರಗಾಗಿ ತೂಗುತ್ತಿತ್ತು. ಬೀದಿಯಲ್ಲಿ ಹೋಗುವವರು ಅದನ್ನು ನೋಡಿ ತಲೆ ತಗ್ಗಿಸಿಕೊಂಡು ಹೋದರು. ಕೊಟ್ರಪ್ಪನನ್ನು ಕೇಳಿದಾಗ, “ಮುಗೀತು ಅಂತ ಅರ್ಥ,” ಎಂದ. ಬೇರೆ ಯಾವ ಮನೆಯೂ ಇಲ್ಲವೇ ಎಂದೆ. ಇಲ್ಲ ಎಂದ.

ತಿಂಗಳು ಮುಗಿಯಲು ಆರು ದಿನ ಉಳಿದಿತ್ತು. ವಿಮಲ ಬೈಯಲಿಲ್ಲ. ನೆನೆಸಿದ ಅವಲಕ್ಕಿಗೆ ಕೈಯಾಡಿಸುತ್ತ ಕೂತಳು, ಅದೂ ನೆನೆದಿರಲಿಲ್ಲ. ಊಟ ಬಿಟ್ಟು ಎದ್ದು, ಆಫೀಸಿನ ಬ್ಯಾಗಿನಿಂದ ಬಿಳಿಹಾಳೆ ತೆಗೆದು ಮೇಜಿನ ಮೇಲೆ ಇಟ್ಟಳು. ‘ಮಾನ್ಯರೇ’ ಎಂದು ಬರೆದು ಪೆನ್ನು ಮುಚ್ಚಿದಳು. ಅವಳ ರವಿಕೆಯ ತೋಳು ಸಡಿಲವಾಗಿದ್ದು ನನಗೆ ಕಂಡದ್ದು ಆಗಲೇ. ನನಗೆ ನಾಚಿಕೆಯಾಯಿತು. ಅವಳ ಮೂರನೆಯ ಪ್ರಮೋಷನ್ನನ್ನೂ ನಾನೇ ನುಂಗುತ್ತಿದ್ದೆ, ಅದೂ ಬೆಂಡೆಕಾಯಿಯ ತುದಿಗೋಸ್ಕರ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ಕಟ್ಟಿದವನು ಅಡುಗೆಯವನೇ ಇರಬೇಕು.

ಎರಡು ದಿನ ಬೀದಿ ಬೀದಿ ಸುತ್ತಿದೆ. ಮೂರನೆಯ ದಿನ ಬೆಳಿಗ್ಗೆ ಸುಮ್ಮನೆ ಮಾರುಕಟ್ಟೆಗೆ ಹೋದವನ ಕೈ ಹಳೆಯ ಚಾಳಿಯಂತೆ ಬದನೆಕಾಯಿ ಆರಿಸಿತು, ಬೇಳೆ ಅಳೆಸಿತು, ಕೊತ್ತಂಬರಿ ಹಿಡಿಯಿತು. ಚೀಲ ಅರ್ಧ ತುಂಬಿದ ಮೇಲೆ ನೆನಪಾಯಿತು, ಇದು ನಮ್ಮ ಒಲೆಯ ಮೇಲೆ ಬೇಯುವುದಿಲ್ಲ. ನಮ್ಮ ಒಲೆಯ ಮೇಲೆ ತಾನೇ ಬೇಯದಿರುವುದು? ಅಷ್ಟು ಹೊಳೆದದ್ದೇ ತಡ, ಸಂತೆ ಬೀದಿಯಿಂದ ನೇರ ತುಂಗಮ್ಮನವರ ಬಾಗಿಲಿಗೆ ಬಂದು ನಿಂತೆ.

ಅವರು ಬಾಗಿಲು ತೆಗೆದರು. ನಾನೇ ಹೇಳಿದೆ: “ಅಮ್ಮಾ, ನನ್ನದು ತಪ್ಪಾಯ್ತು. ನಾಲಿಗೆ ನೋಡ್ತೀನಿ ಅಂದವರ ಕೈಗೆ ಪಟ್ಟಿ ಕೊಟ್ಟೆ. ಇದು ನಮಗೆ ಅಂತ ನಾನೇ ಕೊಂಡಿದ್ದು, ನಮ್ಮನೇಲಿ ಬೇಯಲ್ಲ. ನಿಮ್ಮ ಒಲೆ ಒಂದು ಹೊತ್ತು ಕೊಡಿ. ಇಲ್ಲೇ ಬೇಯಿಸಿ ನಿಮಗೂ ಬಡಿಸ್ತೀನಿ, ಅವಳಿಗೂ ಬಡಿಸ್ತೀನಿ. ಆಮೇಲೆ ಬೇಡ ಅಂದ್ರೆ ಬೇಡ. ಅವಳು ಮನೆ ಊಟ ಮಾಡಿ ಹದಿನೆಂಟು ದಿನ ಆಯ್ತಮ್ಮಾ.”

ತುಂಗಮ್ಮ ನನ್ನನ್ನೂ ಚೀಲವನ್ನೂ ನೋಡಿದರು. “ನನಗೆ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ,” ಎಂದರು. “ಆದ್ರೆ ಒಲೆ ಕೇಳಿ ಬಂದೋರನ್ನ ಹಿಂದಕ್ಕೆ ಕಳಿಸೋ ಪದ್ಧತಿ ನಮ್ಮೂರಲ್ಲಿಲ್ಲ. ಚಪ್ಪಲಿ ಅಲ್ಲೇ ಬಿಡು. ಕಾಲು ತೊಳ್ಕೊಂಡು ಬಾ.”

ಅವರ ಕುಕ್ಕರ್ ಮೂರು ಸಲ ಕೂಗಿತು. ಮುಚ್ಚಳ ತೆಗೆದರೆ ಬೇಳೆ ಒಡೆದು, ಅರಳಿ, ಒಂದರೊಳಗೊಂದು ಬೆರೆತು ಹಳದಿಯಾಗಿ ಕೂತಿತ್ತು. ನಾನು ಸೌಟು ಹಿಡಿದುಕೊಂಡು ಅತ್ತುಬಿಟ್ಟೆ. ಐವತ್ತೆರಡು ವರ್ಷದ ಗಂಡಸು ಬೇಳೆ ನೋಡಿ ಅಳುವುದನ್ನು ಕಂಡು ತುಂಗಮ್ಮ, “ಉಪ್ಪು ಕಡಿಮೆ ಹಾಕು ಹಂಗಾದ್ರೆ,” ಎಂದರು. ಅವರು ನನ್ನೆದುರು ನಕ್ಕದ್ದು ಅದೇ ಮೊದಲು.

ಆಫೀಸಿಗೆ ಹೋಗಿ ವಿಮಲಳನ್ನು ಕರೆತಂದೆ. ಅವಳಿಗೆ ತಟ್ಟೆ ಹಾಕಿ, ಅನ್ನ, ಬದನೆಕಾಯಿ ಹುಳಿ, ತಿಳಿಮಜ್ಜಿಗೆ ಬಡಿಸಿದೆ. ತುಂಗಮ್ಮ ತಾವು ಬೆಳಿಗ್ಗೆ ಮಾಡಿಟ್ಟಿದ್ದನ್ನೂ ಪಕ್ಕಕ್ಕೆ ಬಡಿಸಿ, ಅವಳ ಎದುರಿಗೇ ಊಟಕ್ಕೆ ಕೂತರು. ವಿಮಲ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ನಾನು ಸುಮ್ಮನಿರಲಾರದೆ, ಇವಳಿಗೆ ಹುಳಿ ಸ್ವಲ್ಪ ಮುಂದಿರಬೇಕು, ಖಾರ ಆಗೋದಿಲ್ಲ, ಸೊಪ್ಪಾದರೆ ಎಳೆಯದೇ ಆಗಬೇಕು ಎಂದು ಶುರುಮಾಡಿದೆ.

“ಸುಮ್ನೆ ಉಣ್ಣಪ್ಪಾ,” ಎಂದರು ತುಂಗಮ್ಮ. “ನಾನು ಅವಳನ್ನ ನೋಡ್ತಿದ್ದೀನಿ. ನೀನು ಮಾತಾಡಿದ್ರೆ ಬರೀ ನೀನೇ ಕಾಣ್ತೀಯ.”

ಬಾಯಿ ಮುಚ್ಚಿಕೊಂಡೆ. ಮಾಡಲು ಬೇರೆ ಕೆಲಸವಿಲ್ಲದೆ ನಾನೂ ತುಂಗಮ್ಮನವರನ್ನು ನೋಡಿದೆ. ಅವರು ಎಡಗಡೆಯಿಂದ ಮಾತ್ರ ಅಗಿಯುತ್ತಿದ್ದರು. ಬದನೆಕಾಯಿಯ ತಿರುಳು ತಿಂದು ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದರು. ಮಜ್ಜಿಗೆ ಬಂದಾಗ ಅವರ ಕೈ ಚುರುಕಾಗುತ್ತಿತ್ತು. ಕಳೆದ ಶನಿವಾರ ಸಂತೆಯಲ್ಲೇ ಶ್ರೇಷ್ಠ ಎಂದು ನಾನು ಆರಿಸಿ ಕೊಟ್ಟಿದ್ದ ಗಟ್ಟಿ ಗಜ್ಜರಿ, ಗರಿಗರಿ ಗೋರಿಕಾಯಿ ಅವರ ಅಡುಗೆಮನೆಯ ಮೂಲೆಯಲ್ಲಿ ಹಾಗೇ ಬಾಡಿ ಬಿದ್ದಿದ್ದವು. ಅವರು ಅದನ್ನು ನನಗೆ ಹೇಳಿರಲಿಲ್ಲ.

ತಿಂಗಳ ಕೊನೆಯ ದಿನವೇ ಶನಿವಾರ. ಚೀಲಕ್ಕೆ ತುಂಗಮ್ಮ ಹೂಂ ಎಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಬೆಳಿಗ್ಗೆ ತುಂಗಮ್ಮನವರಿಗೆ ಎಳೆಯ ಸೋರೆಕಾಯಿ, ಹೆಸರುಬೇಳೆ, ಮಾಗಿದ ಪಪ್ಪಾಯಿ, ಒಗ್ಗರಣೆ ಮಜ್ಜಿಗೆಗೆ ಬೇಕಾಗುವ ಕರಿಬೇವು ತೆಗೆದುಕೊಂಡೆ. ಆರಿಸಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು, ಯಾಕೆಂದರೆ ಪ್ರತಿ ಬುಟ್ಟಿಯ ಮುಂದೆಯೂ ಅವರ ಎಡದವಡೆ ನೆನಪಾಗುತ್ತಿತ್ತು. ಅವರ ಗೂಟಕ್ಕೆ ಚೀಲ ತೂಗುಹಾಕಿ, ಓಡುನಡಿಗೆಯಲ್ಲಿ ಮನೆಗೆ ಬಂದೆ. ನಮ್ಮ ಗೂಟದಲ್ಲಿ ಚೀಲವಿತ್ತು, ತುಂಬಿತ್ತು. ವಿಮಲ ಅರ್ಧ ದಿನದ ರಜೆ ಹಾಕಿ ಮನೆಯಲ್ಲೇ ಇದ್ದಳು. ‘ಮಾನ್ಯರೇ’ ಎಂದು ಬರೆದ ಹಾಳೆ ಮೇಜಿನ ಮೇಲೆ ಪೇಪರ್‌ವೇಟಿನ ಕೆಳಗಿತ್ತು.

ನೆಲದ ಮೇಲೆ ಚೀಲ ಸುರಿದೆವು. ಬೇಳೆ, ಅಕ್ಕಿ, ಎಳೆ ಹರಿವೆ, ಒಂದು ಹಿಡಿ ಹುಣಸೆ. ಬೆಂಡೆಕಾಯಿ ಕಂಡದ್ದೇ ನನ್ನ ಬೆರಳು ತುದಿ ಮುರಿಯಲು ಓಡಿತು. ಕೈಯನ್ನು ಹಿಂದಕ್ಕೆ ಕಟ್ಟಿಕೊಂಡೆ. ಎಲ್ಲದರ ಕೆಳಗೆ ಆರು ಹಾಗಲಕಾಯಿ ಇದ್ದವು.

“ಅಯ್ಯೋ, ಪಾಪ, ಇದೊಂದು ತಪ್ಪಿದ್ದಾರೆ,” ಎಂದೆ. “ನಮ್ಮನೇಲಿ ಹಾಗಲಕಾಯಿ ಯಾರೂ ತಿನ್ನಲ್ಲವಲ್ಲ.”

ವಿಮಲ ಒಂದು ಹಾಗಲಕಾಯಿ ಕೈಗೆತ್ತಿಕೊಂಡು ಅದರ ಗಂಟುಗಳ ಮೇಲೆ ಹೆಬ್ಬೆರಳು ಆಡಿಸಿದಳು. ಅವಳ ಕಣ್ಣು ತುಂಬಿತ್ತು.

“ನಾನು ತಿಂತೀನಿ ರೀ,” ಎಂದಳು. “ಅಮ್ಮ ಬೆಲ್ಲ, ಕಾಯಿ ಹಾಕಿ ಪಲ್ಯ ಮಾಡ್ತಿದ್ರು. ಮದುವೆ ಆದ್ಮೇಲೆ ತಿಂದಿದ್ದು ಮೊನ್ನೆ ತುಂಗಮ್ಮನೋರ ಮನೇಲೇ. ಒಂಚೂರು ಬಡಿಸಿದ್ರು, ಬೆರಳು ನೆಕ್ಕಿಬಿಟ್ಟೆ. ನೋಡಿರ್ಬೇಕು.”

ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ನನಗೆ ಕಂಡಿರಲಿಲ್ಲ. “ಇಪ್ಪತ್ನಾಲ್ಕು ವರ್ಷ ಆಯ್ತಲ್ಲೇ. ಒಂದು ಸಲ ಹೇಳಬಾರದಿತ್ತಾ?” ಎಂದೆ.

“ಚೀಲ ತಂದು ಇಳಿಸಿ, ಹೇಗಿದೆ ತರಕಾರಿ ಅಂತ ಪ್ರತಿ ಸಲಾನೂ ಕೇಳ್ತಿದ್ರಿ. ನಿಜಕ್ಕೂ ಚೆನ್ನಾಗಿರ್ತಿತ್ತು, ಚೆನ್ನಾಗಿದೆ ಅಂತಿದ್ದೆ. ಹೋಗೋಕೆ ಮುಂಚೆ ಯಾವತ್ತೂ ಕೇಳಿರಲಿಲ್ಲ.” ಅವಳ ಮಾತಿನಲ್ಲಿ ದೂರಿರಲಿಲ್ಲ. ಅದಕ್ಕೇ ಅದು ನೇರ ಬಂದು ನನಗೆ ನಾಟಿತು.

ನನಗೆ ಹಾಗಲಕಾಯಿ ಪಲ್ಯ ಮಾಡಲು ಬರುವುದಿಲ್ಲ. ನೂರೈವತ್ತು ಜನಕ್ಕೆ ಬೇಯಿಸಿ ಹಾಕಿದವನಿಗೆ ಬರುವುದಿಲ್ಲ, ಯಾಕೆಂದರೆ ನನಗೆ ಇಷ್ಟವಿಲ್ಲದ್ದನ್ನು ನಾನು ಯಾರಿಗೂ ಮಾಡಿದವನಲ್ಲ. ಬೀಜ ತೆಗೆಯಬೇಕಾ ಎಂದು ಕೇಳಿದೆ. ಎಳೆಯದಿದ್ದರೆ ಬೇಡ ಎಂದಳು. ಬೆಲ್ಲ ಎಷ್ಟು ಎಂದು ಕೇಳಿದೆ. ಅವಳು ಒಲೆಯ ಪಕ್ಕದ ಕಟ್ಟೆಗೆ ಒರಗಿ ನಿಂತು, ಇನ್ನೊಂಚೂರು, ಸಾಕು, ಈಗ ಕಾಯಿತುರಿ, ಎಂದು ಹೇಳುತ್ತ ಹೋದಳು. ಪಕ್ಕದಲ್ಲಿ ಕುಕ್ಕರ್ ಮೂರು ಸಲ ಕೂಗಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮುಚ್ಚಳ ಅವಳೇ ತೆಗೆದಳು. ಬೇಳೆ ಬೆಂದಿತ್ತು.

ಊಟಕ್ಕೆ ಕೂತಾಗ, ಕೇಳಲೋ ಬೇಡವೋ ಎನ್ನುತ್ತಲೇ, “ಅರ್ಜಿ?” ಎಂದೆ.

“ಯಾವ ಅರ್ಜಿ?” ಎಂದಳು ವಿಮಲ. ಬಾಣಲೆಯನ್ನು ತನ್ನ ಕಡೆಗೆ ಎಳೆದುಕೊಂಡು ಎರಡನೆಯ ಸಲ ಪಲ್ಯ ಹಾಕಿಕೊಂಡಳು. ಆಮೇಲೆ ಏನೋ ಜ್ಞಾಪಿಸಿಕೊಂಡವಳಂತೆ ನನ್ನ ತಟ್ಟೆಗೂ ಅರ್ಧ ಚಮಚ ಬಡಿಸಿದಳು.

ತಿಂದು ನೋಡಿದೆ. ಕಹಿಯಾಗಿತ್ತು. ಇನ್ನೊಂದು ಸಲ ಹಾಕಿಸಿಕೊಂಡೆ.